ಬಂದವರು ಏನು ನೋಡಿ ಹೋದರು? ಮ್ಯೂಸಿಯಂ ಮೌಲ್ಯಮಾಪನಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಪ್ರದರ್ಶನ ಮುಗಿದ ಮೇಲೆ ಕಮಿಟಿ ಮೀಟಿಂಗಿನಲ್ಲಿ "ಹೇಗಾಯ್ತು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಉತ್ತರವೂ ರೆಡಿ ಇರುತ್ತದೆ. ಇಷ್ಟು ಜನ ಬಂದರು, ಅಭಿಪ್ರಾಯ ಪುಸ್ತಕದಲ್ಲಿ ಎಲ್ಲರೂ "ತುಂಬಾ ಚೆನ್ನಾಗಿದೆ" ಅಂತ ಬರೆದಿದ್ದಾರೆ, ಪೇಪರಿನಲ್ಲಿ ಫೋಟೊ ಬಂತು. ದೊಡ್ಡ ಮ್ಯೂಸಿಯಂ ಆದರೂ ಅಷ್ಟೇ, ಮುಂಬೈಯ ಮಾಟುಂಗದ ಒಂದು ಕನ್ನಡ ಸಂಘದ ಹಾಲ್ ಆದರೂ ಅಷ್ಟೇ. ಮಾತು ಅಲ್ಲಿಗೇ ಮುಗಿಯುತ್ತದೆ.

ಇದರಿಂದ ಏನೂ ಗೊತ್ತಾಗುವುದಿಲ್ಲ. ಮುಂಬೈಯ ಕಾಲಾ ಘೋಡಾದಲ್ಲಿ ಜುಲೈ ಮಳೆಗೆ ಸಿಕ್ಕಿಕೊಂಡು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಒಳಗೆ ಹೊಕ್ಕವರನ್ನೂ ಒಂದು ಟಿಕೆಟ್ ಅಂತ ಎಣಿಸುತ್ತೇವೆ. ಒಂದೇ ಶಿಲ್ಪದ ಮುಂದೆ ಅರ್ಧ ಗಂಟೆ ಕೂತು ಚಿತ್ರ ಬರೆದ ಹುಡುಗಿಯನ್ನೂ ಒಂದು ಟಿಕೆಟ್ ಅಂತಲೇ ಎಣಿಸುತ್ತೇವೆ. ಅಭಿಪ್ರಾಯ ಪುಸ್ತಕ ಅಂತೂ ತುಂಬಾ ಖುಷಿಯಾದವರು, ತುಂಬಾ ಸಿಟ್ಟಾದವರು ಮತ್ತು ಸೆಕ್ರೆಟರಿ ಪಕ್ಕದಲ್ಲಿ ನಿಂತು ಪೆನ್ನು ಕೊಟ್ಟದ್ದಕ್ಕೆ ಬರೆದವರು ತುಂಬಿಸಿದ್ದು. ಉಳಿದವರು ಸುಮ್ನೆ ಹೊರಗೆ ಹೋಗಿರುತ್ತಾರೆ.

ಬಂದವರಿಗೆ ಏನು ತಲುಪಿತು, ಏನು ತಲುಪಲಿಲ್ಲ ಅಂತ ಅಳೆದು ನೋಡುವುದೇ ಮೌಲ್ಯಮಾಪನ. ಮುಂಬೈ, ಪುಣೆಯ ನಮ್ಮ ಕನ್ನಡ ಸಂಘಗಳಲ್ಲಿ ಸಣ್ಣ ಪ್ರದರ್ಶನ ಮಾಡುವವರಿಗೆ ಮತ್ತು ಮ್ಯೂಸಿಯಂಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಈ ಬರಹ. ಉದಾಹರಣೆಗೆ ಒಂದು ಪ್ರದರ್ಶನ ಕಲ್ಪಿಸಿಕೊಳ್ಳೋಣ. 1,200 ಚದರ ಅಡಿಯ ಹಾಲ್. ವಿಷಯ ಮುಂಬೈಯ ಉಡುಪಿ ಹೋಟೆಲ್‌ಗಳು ಮತ್ತು ಕನ್ನಡ ರಾತ್ರಿ ಶಾಲೆಗಳು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಕಥೆ. ಫೋಟೊ, ಹಾಜರಿ ಪುಸ್ತಕ, ಹಿತ್ತಾಳೆಯ ಫಿಲ್ಟರ್, ಹಳೆ ಮೆನು ಬೋರ್ಡ್ ಎಲ್ಲಾ ಸೇರಿ 24 ನಿಲ್ದಾಣಗಳು, ಅಂದರೆ ನಿಂತು ನೋಡುವ ಜಾಗಗಳು.

ಹಂತ 1: ಮೊದಲು ನಿರ್ಧಾರ ಬರೆಯಿರಿ

ಹೆಚ್ಚಿನವರು ಪ್ರಶ್ನಾವಳಿಯಿಂದ ಶುರು ಮಾಡುತ್ತಾರೆ. ಇದು ತಲೆಕೆಳಗಾದ ದಾರಿ. ಮೊದಲು ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ: "ಉತ್ತರ ಹೀಗೆ ಬಂದರೆ ನಾವು ಇದನ್ನು ಬದಲಾಯಿಸುತ್ತೇವೆ." ಬದಲಾಯಿಸಲು ಏನೂ ಇಲ್ಲದಿದ್ದರೆ ಆ ಪ್ರಶ್ನೆ ಕೇಳಲೇಬೇಡಿ. ನೋಡಲು ಬಂದವರ ವಯಸ್ಸು, ಪಿನ್‌ಕೋಡ್, ತಿಂಗಳ ಆದಾಯ ಅಂತ ಉದ್ದಕ್ಕೆ ಕೇಳಿ, ಆಮೇಲೆ ಆ ಫಾರಂಗಳನ್ನು ಕಪಾಟಿನಲ್ಲಿ ಇಟ್ಟು ಮರೆಯುವ ಅಭ್ಯಾಸ ಎಲ್ಲಾ ಕಡೆ ಇದೆ. ಬಂದವರ ಸಮಯವೂ ಹಾಳು, ನಿಮ್ಮದೂ ಹಾಳು.

ನಮ್ಮ ಪ್ರದರ್ಶನಕ್ಕೆ ಇಂಥ ಮೂರು ಸಾಲು ಸಾಕು. ಮೊಮ್ಮಕ್ಕಳ ತಲೆಮಾರಿಗೆ ವಸ್ತುಗಳ ಪಕ್ಕದ ಕನ್ನಡ ವಿವರಣೆ ಬೋರ್ಡ್ ಓದಲು ಬರದಿದ್ದರೆ ಮರಾಠಿ ಅಥವಾ ಇಂಗ್ಲಿಷ್ ಸೇರಿಸುತ್ತೇವೆ. ಹಾಜರಿ ಪುಸ್ತಕದ ಮುಂದೆ ಯಾರೂ ನಿಲ್ಲದಿದ್ದರೆ ಅದನ್ನು ಬಾಗಿಲ ಹತ್ತಿರ ತರುತ್ತೇವೆ. ಹೋಟೆಲಿಗೂ ಶಾಲೆಗೂ ಏನು ಸಂಬಂಧ ಅಂತ ಜನರಿಗೆ ಹೊಳೆಯದಿದ್ದರೆ ಮೊದಲ ಗೋಡೆಯನ್ನೇ ಹೊಸದಾಗಿ ಬರೆಯುತ್ತೇವೆ.

ಗುರಿಯನ್ನೂ ಇಲ್ಲೇ ಬರೆದುಬಿಡಿ. "ಜನರಲ್ಲಿ ಅರಿವು ಮೂಡಿಸುವುದು" ಅಂತ ಬರೆದರೆ ಅಳೆಯಲು ಆಗುವುದಿಲ್ಲ. "ಹೊರಗೆ ಬಂದವರಲ್ಲಿ ಅರ್ಧದಷ್ಟು ಜನರಾದರೂ ರಾತ್ರಿ ಶಾಲೆ ಯಾರಿಗಾಗಿ ಇತ್ತು ಅಂತ ತಮ್ಮ ಮಾತಿನಲ್ಲಿ ಹೇಳಬೇಕು" ಅಂತ ಬರೆದರೆ ಅಳೆಯಬಹುದು. ಕಲಿತದ್ದು ಮಾತ್ರ ಲೆಕ್ಕ ಅಂತೇನೂ ಇಲ್ಲ. ಮ್ಯೂಸಿಯಂಗಳ ಅಂತಾರಾಷ್ಟ್ರೀಯ ಮಂಡಳಿ 2022ರಲ್ಲಿ ಪ್ರಾಗ್‌ನಲ್ಲಿ ಒಪ್ಪಿದ ಹೊಸ ವಿವರಣೆಯಲ್ಲಿ ಶಿಕ್ಷಣದ ಜೊತೆಗೆ ಸಂತೋಷ ಮತ್ತು ಚಿಂತನೆಯೂ ಇವೆ. ಅಜ್ಜ ಮೊಮ್ಮಗನಿಗೆ ಹಳೇ ಕಥೆ ಹೇಳಲು ಶುರು ಮಾಡಿದರೆ ಅದೂ ಒಂದು ಫಲಿತಾಂಶ. ಆದರೆ ಅದನ್ನೂ ಮೊದಲೇ ಗುರಿಯಾಗಿ ಬರೆದಿಟ್ಟಿರಬೇಕು.

ಹಂತ 2: ಪ್ರದರ್ಶನ ಶುರುವಾಗುವ ಮೊದಲೇ ಕೇಳಿ

ಮೌಲ್ಯಮಾಪನ ಅಂದರೆ ಕೊನೆಗೆ ಮಾಡುವ ಕೆಲಸ ಅಂತ ಅಂದುಕೊಂಡಿದ್ದರೆ ಆ ಯೋಚನೆ ಬಿಡಿ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಜಾಸ್ತಿ ಲಾಭ ಇರುವುದು ಈ ಹಂತದಲ್ಲೇ. ಗೋಡೆಗೆ ಮೊಳೆ ಹೊಡೆಯುವ ಮೊದಲು ಜನರಿಗೆ ಈ ವಿಷಯದ ಬಗ್ಗೆ ಏನು ಗೊತ್ತು, ಏನು ತಪ್ಪಾಗಿ ಗೊತ್ತು, ಏನು ತಿಳಿಯುವ ಆಸೆ ಇದೆ ಅಂತ ಕೇಳಬೇಕು.

ಹಳೆ ಗೋವಾದ ಪುರಾತತ್ವ ಸಂಗ್ರಹಾಲಯಕ್ಕೆ ಹೋದರೆ ಅಲ್ಲಿ ವೀರಗಲ್ಲುಗಳಿವೆ. ನಮ್ಮ ಹಳ್ಳಿಗಳಲ್ಲಿ ಊರ ಬಾಗಿಲಲ್ಲಿ, ಗುಡಿ ಪಕ್ಕದಲ್ಲಿ ಇವುಗಳನ್ನು ನೋಡಿ ಬೆಳೆದವರಿಗೆ ಗೊತ್ತು, ಕಥೆ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಿಂದ ಶುರುವಾಗುತ್ತದೆ. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಗೊತ್ತಿಲ್ಲದವರು ಪುಸ್ತಕದ ಹಾಗೆ ಮೇಲಿಂದ ಓದುತ್ತಾರೆ. ಬೋರ್ಡ್ ಬರೆಯುವವರು ಇದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದರೆ "ಕೆಳಗಿನಿಂದ ನೋಡಿ" ಅನ್ನುವ ಎರಡು ಪದ ಸಾಕು. ಕೇಳದೆ ಹೋದರೆ ಶತಮಾನ, ರಾಜವಂಶ, ಕಲ್ಲಿನ ಜಾತಿ ಎಲ್ಲಾ ಬರೆದೂ ಕಥೆ ತಲುಪುವುದಿಲ್ಲ.

ಮಾಡುವ ರೀತಿ ಸುಲಭ. ಪ್ರದರ್ಶನಕ್ಕೆ ಆರಿಸಿದ ಹತ್ತು ಹನ್ನೆರಡು ಫೋಟೊಗಳನ್ನು ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಪ್ರಿಂಟ್ ತೆಗೆಸಿ. ಜನರ ಮುಂದೆ ಇಟ್ಟು "ಯಾವುದು ಮೊದಲು ನೋಡಬೇಕು ಅನಿಸುತ್ತೆ, ಸಾಲಾಗಿ ಇಡಿ" ಅನ್ನಿ. ಅವರು ಇಡುವಾಗ ಏನು ಮಾತಾಡುತ್ತಾರೋ ಅದನ್ನು ಹಾಗೇ ಬರೆದುಕೊಳ್ಳಿ. 15ರಿಂದ 20 ಜನರೊಂದಿಗೆ ಮಾತಾಡುವ ಹೊತ್ತಿಗೆ ಉತ್ತರಗಳು ಮರುಕಳಿಸಲು ಶುರುವಾಗುತ್ತವೆ. ಅಲ್ಲಿಗೆ ನಿಲ್ಲಿಸಬಹುದು.

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಸಂಘದ ಕಾರ್ಯಕ್ರಮಕ್ಕೆ ಯಾವಾಗಲೂ ಬರುವ ಅದೇ ನಲವತ್ತು ಮುಖಗಳನ್ನು ಕೇಳಿದರೆ ನಿಮ್ಮ ಅಭಿಪ್ರಾಯವೇ ನಿಮಗೆ ವಾಪಸ್ ಬರುತ್ತದೆ. ಮೂರು ತಲೆಮಾರಿಗೂ ಪಾಲು ಇರಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರ ಜೊತೆ ಹಿಂದಿ, ಮರಾಠಿ ಆಡುವ ಹದಿನಾರರ ಹುಡುಗನನ್ನು ಕೇಳಿ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರನ್ನು ಕೇಳಿ. ಅವರೂ ಮುಂಬೈ ಕನ್ನಡಿಗರೇ, ಆದರೆ ನಮ್ಮ ಹಾಲ್‌ಗಳಲ್ಲಿ ಕಾಣಿಸುವುದು ಕಡಿಮೆ. ಅವರು ಯಾಕೆ ಬರುವುದಿಲ್ಲ ಅನ್ನುವುದೂ ಮೌಲ್ಯಮಾಪನದ ಪ್ರಶ್ನೆಯೇ. ಬಂದವರನ್ನು ಎಷ್ಟು ಕೇಳಿದರೂ ಅದಕ್ಕೆ ಉತ್ತರ ಸಿಗುವುದಿಲ್ಲ.

ಹಂತ 3: ಬೋರ್ಡನ್ನು ಕಾಗದದ ಮೇಲೆ ಪರೀಕ್ಷೆ ಮಾಡಿ

ಒಂದು ಬೋರ್ಡನ್ನು ಫೋಮ್ ಶೀಟ್ ಮೇಲೆ ಪ್ರಿಂಟ್ ಹೊಡೆಸಿದ ಮೇಲೆ ತಪ್ಪು ಸಿಕ್ಕರೆ "ಇರಲಿ ಬಿಡಿ" ಅಂತ ಬಿಟ್ಟುಬಿಡುತ್ತೇವೆ. ಎ4 ಹಾಳೆಯಲ್ಲಿದ್ದರೆ ಪೆನ್ನು ತೆಗೆದು ತಿದ್ದುತ್ತೇವೆ. ಹಾಗಾಗಿ ಬೋರ್ಡಿನ ಕರಡನ್ನು ಸಾದಾ ಪ್ರಿಂಟರಿನಲ್ಲಿ ತೆಗೆದು, ಅದು ಇರಬೇಕಾದ ಎತ್ತರದಲ್ಲೇ ಟೇಪ್ ಹಾಕಿ ಅಂಟಿಸಿ. ವಸ್ತುವನ್ನೂ ಪಕ್ಕದಲ್ಲಿಡಿ. ಸಿಗದಿದ್ದರೆ ಅದರ ಫೋಟೊ ಇರಲಿ.

ಓದಿದವರನ್ನು "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ. "ಇದು ಏನು ಹೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ" ಅನ್ನಿ. ಶುರುವಿನಲ್ಲೇ "ನಾವು ಬೋರ್ಡನ್ನು ಪರೀಕ್ಷೆ ಮಾಡ್ತಿದ್ದೇವೆ, ನಿಮ್ಮನ್ನಲ್ಲ" ಅಂತ ಹೇಳಿ. ಇಲ್ಲದಿದ್ದರೆ ಹಿರಿಯರಿಗೆ ಪರೀಕ್ಷೆಗೆ ಕೂರಿಸಿದ ಹಾಗೆ ಮುಜುಗರ ಆಗುತ್ತದೆ. ಐದಾರು ಜನ ಓದುವ ಹೊತ್ತಿಗೆ ದೊಡ್ಡ ತೊಂದರೆಗಳು ಹೊರಬೀಳುತ್ತವೆ. ತಿದ್ದಿ, ಇನ್ನು ಐದಾರು ಜನರಿಗೆ ತೋರಿಸಿ.

ಅಭ್ಯಾಸಕ್ಕೆ ಒಳ್ಳೆಯ ಜಾಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವೇ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅಂತ ಶುರುವಾದ ಇದರ ಶಿಲ್ಪಗಳ ವಿಭಾಗದಲ್ಲಿ ನಮ್ಮ ಐಹೊಳೆಯ ಹುಚ್ಚಪ್ಪಯ್ಯ ಮಠದ ಬ್ರಹ್ಮ ಇದ್ದಾನೆ. ಏಳನೇ ಶತಮಾನದ ಚಾಲುಕ್ಯ ಕೆಲಸ. ಐಹೊಳೆಯ ಕಲ್ಲು ಇಲ್ಲಿ ಯಾಕೆ ಅಂದರೆ, ಆಗ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಇದು ಮೂಲದಲ್ಲಿ ದೇವಸ್ಥಾನದ ಒಳಮಾಳಿಗೆಯ ಚಪ್ಪಡಿ, ಕತ್ತೆತ್ತಿ ನೋಡಲೆಂದು ಕೆತ್ತಿದ್ದು. ಮ್ಯೂಸಿಯಂನಲ್ಲಿ ಎದುರಿಗೇ ಕಾಣುತ್ತದೆ. ಒಂದು ಭಾನುವಾರ ಗೆಳೆಯರನ್ನು ಕರೆದುಕೊಂಡು ಹೋಗಿ, ಏನೂ ಹೇಳದೆ ನೋಡಲು ಬಿಟ್ಟು, ಹೊರಗೆ ಬಂದ ಮೇಲೆ ಕೇಳಿ: "ಈ ಕಲ್ಲು ಗುಡಿಯಲ್ಲಿ ಎಲ್ಲಿತ್ತು ಅನ್ನಿಸುತ್ತೆ?" ಗೋಡೆಯಲ್ಲಿ ಅಂತ ಎಷ್ಟು ಜನ ಅನ್ನುತ್ತಾರೆ, ಮೇಲೆ ಅಂತ ಎಷ್ಟು ಜನ ಅನ್ನುತ್ತಾರೆ ಬರೆದುಕೊಳ್ಳಿ. ಒಂದೇ ಪ್ರಶ್ನೆ, ಅದಕ್ಕೆ ಸ್ಪಷ್ಟ ಉತ್ತರ, ಆ ಉತ್ತರದಿಂದ ಏನು ಬದಲಾಯಿಸಬಹುದು ಅನ್ನುವುದೂ ಗೊತ್ತು. ಒಳ್ಳೆಯ ಮೌಲ್ಯಮಾಪನದ ಪ್ರಶ್ನೆ ಅಂದರೆ ಹೀಗಿರಬೇಕು.

ಹಂತ 4: ಜನ ಹೇಗೆ ಓಡಾಡುತ್ತಾರೆ, ನೋಡಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ಜನ ಬಾಯಲ್ಲಿ ಹೇಳುವುದಕ್ಕೂ ಕಾಲಲ್ಲಿ ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ.

ಈ ಕೆಲಸಕ್ಕೆ ನೂರು ವರ್ಷದ ಇತಿಹಾಸ ಇದೆ. 1916ರಲ್ಲಿ ಅಮೆರಿಕದ ಬೋಸ್ಟನ್‌ನ ಲಲಿತಕಲಾ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ ಒಬ್ಬ ಮನುಷ್ಯನನ್ನು ಷೋಕೇಸ್‌ಗಳ ಮುಂದೆ ನಿಲ್ಲಿಸಿ, ಒಳಗಿರುವುದನ್ನು ನೋಡಲು ಅವನು ಹೇಗೆಲ್ಲಾ ಬಗ್ಗಬೇಕು, ಕೂರಬೇಕು ಅಂತ ತೋರಿಸುವ ಫೋಟೊಗಳನ್ನು ಪ್ರಕಟಿಸಿದರು. ಮ್ಯೂಸಿಯಂನಲ್ಲಿ ಸುಸ್ತಾಗುವುದು ನೋಡುವವರ ತಪ್ಪಲ್ಲ, ಜೋಡಿಸಿದವರ ತಪ್ಪು ಅನ್ನುವುದು ಅವರ ವಾದ. ನಮ್ಮಲ್ಲಿ ಇಂದಿಗೂ ಮಂಡಿಯೂರಿ ಓದಬೇಕಾದ ಬೋರ್ಡ್‌ಗಳಿವೆ, ಅಲ್ವಾ? ಆಮೇಲೆ 1920, 30ರ ದಶಕಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ರಾಬಿನ್ಸನ್ ಮತ್ತು ಆರ್ಥರ್ ಮೆಲ್ಟನ್ ಗಡಿಯಾರ ಹಿಡಿದು ನೋಡುಗರನ್ನು ಗಮನಿಸಿದರು. ಕೋಣೆಗೆ ಬಂದ ಹೆಚ್ಚಿನವರು ಬಲಕ್ಕೆ ತಿರುಗುತ್ತಾರೆ, ಹೊರಬಾಗಿಲು ಕಂಡ ಕೂಡಲೇ ಅದರ ಕಡೆಗೆ ಎಳೆದುಕೊಂಡು ಹೋಗುತ್ತಾರೆ ಅನ್ನುವುದು ಮೆಲ್ಟನ್ ಕಂಡದ್ದು. ನಿಮ್ಮ ಹಾಲ್‌ನಲ್ಲೂ ಹೀಗೇ ಆಗುತ್ತದೆ ಅಂತ ನಂಬಬೇಡಿ. ಎಣಿಸಿ ನೋಡಿ.

ಮೊದಲು ಹಾಲ್‌ನ ನಕ್ಷೆ ಬರೆಯಿರಿ. ಬಾಗಿಲು, ಕಂಬ, ಫ್ಯಾನ್, ಕುರ್ಚಿ, 24 ನಿಲ್ದಾಣ ಎಲ್ಲಾ ಇರಲಿ. ಫ್ಯಾನ್ ಯಾಕೆ ಅಂತ ಮೇ ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ. ಒಬ್ಬರಿಗೆ ಒಂದು ನಕ್ಷೆ ಅಂತ ಜೆರಾಕ್ಸ್ ಮಾಡಿಸಿ.

ಯಾರನ್ನು ಗಮನಿಸಬೇಕು ಅಂತ ಆರಿಸುವ ಸ್ವಾತಂತ್ರ್ಯವನ್ನು ನೀವು ಇಟ್ಟುಕೊಳ್ಳಬೇಡಿ. ಬಾಗಿಲಲ್ಲಿ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ನೀವು ರೆಡಿ ಆದ ಮೇಲೆ ಆ ಗೆರೆ ದಾಟುವ ಮೊದಲ ವಯಸ್ಕರು ಯಾರೋ ಅವರೇ. ಆಸಕ್ತಿ ಇರುವ ಹಾಗೆ ಕಾಣುವವರನ್ನು ಆರಿಸಿದರೆ ಫಲಿತಾಂಶ ಸುಳ್ಳಾಗುತ್ತದೆ.

ಅವರು ನಡೆದ ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆಯಿರಿ. ಎರಡೂ ಪಾದ ನಿಂತು, ಕಣ್ಣು ವಸ್ತುವಿನ ಕಡೆ ಇದ್ದು, ಎರಡು ಮೂರು ಸೆಕೆಂಡ್ ಆದರೆ ಮಾತ್ರ "ನಿಂತರು" ಅಂತ ಗುರುತು ಹಾಕಿ. ನಡೆಯುತ್ತಾ ಕಣ್ಣು ಹಾಯಿಸಿದ್ದು ಲೆಕ್ಕಕ್ಕಿಲ್ಲ. ಮೊಬೈಲ್ ನೋಡುತ್ತಾ ನಿಂತದ್ದೂ ಲೆಕ್ಕಕ್ಕಿಲ್ಲ. ಓದಿದರೆ "ಓ", ಜೊತೆಯವರಿಗೆ ತೋರಿಸಿ ಮಾತಾಡಿದರೆ "ಮಾ", ಫೋಟೊ ತೆಗೆದರೆ "ಫೋ" ಅಂತ ಪಕ್ಕದಲ್ಲಿ ಬರೆಯಿರಿ. ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ ಬರೆಯಿರಿ. ಇಷ್ಟೇ.

ನಲವತ್ತು ನಕ್ಷೆ ಆದ ಮೇಲೆ ಎರಡು ಲೆಕ್ಕ ಮಾಡಿ. ಎರಡನ್ನೂ ಬಳಕೆಗೆ ತಂದದ್ದು ಅಮೆರಿಕದಲ್ಲಿ ಪ್ರದರ್ಶನಗಳ ಮೌಲ್ಯಮಾಪನ ಮಾಡುವ ಬೆವರ್ಲಿ ಸೆರೆಲ್. ನೂರಕ್ಕೂ ಹೆಚ್ಚು ಪ್ರದರ್ಶನಗಳ ಮಾಹಿತಿ ಒಟ್ಟುಮಾಡಿ 1998ರಲ್ಲಿ ಪ್ರಕಟಿಸಿದರು. ಬಹುಪಾಲು ಪ್ರದರ್ಶನಗಳಲ್ಲಿ ಜನ ಕಳೆದದ್ದು ಸರಾಸರಿ 20 ನಿಮಿಷಕ್ಕಿಂತ ಕಡಿಮೆ ಅಂತ ಅದರಿಂದ ಕಂಡುಬಂತು. ವರ್ಷಗಟ್ಟಲೆ ಕೆಲಸ ಮಾಡಿ ಪ್ರದರ್ಶನ ಜೋಡಿಸಿದ ಕ್ಯುರೇಟರ್‌ಗೆ ಇದು ಕಹಿ ಮಾತು.

ಮೊದಲ ಲೆಕ್ಕಕ್ಕೆ ಹಾಲ್‌ನ ಚದರ ಅಡಿಯನ್ನು ಸರಾಸರಿ ನಿಮಿಷಗಳಿಂದ ಭಾಗಿಸಿ. ನಮ್ಮ 1,200 ಚದರ ಅಡಿಯಲ್ಲಿ ಜನ ಸರಾಸರಿ 8 ನಿಮಿಷ ಇದ್ದರೆ ನಿಮಿಷಕ್ಕೆ 150 ಚದರ ಅಡಿ ಆಯಿತು. ಈ ಸಂಖ್ಯೆ ಕಡಿಮೆಯಾದಷ್ಟೂ ಜನ ನಿಧಾನಕ್ಕೆ ನೋಡುತ್ತಿದ್ದಾರೆ ಅಂತ. ಎರಡನೆಯದಕ್ಕೆ, ಅರ್ಧಕ್ಕಿಂತ ಹೆಚ್ಚು ನಿಲ್ದಾಣಗಳಲ್ಲಿ ನಿಂತವರು ನೂರಕ್ಕೆ ಎಷ್ಟು ಅಂತ ನೋಡಿ. 24ರಲ್ಲಿ 13 ಅಥವಾ ಜಾಸ್ತಿ ಕಡೆ ನಿಂತವರು ನಲವತ್ತರಲ್ಲಿ ಆರು ಜನ ಆದರೆ ಅದು ಶೇಕಡಾ 15. ದೊಡ್ಡ ಹಾಲ್, ಸಣ್ಣ ಹಾಲ್‌ಗಳನ್ನು ಹೋಲಿಸಲು ಈ ಎರಡು ಸಂಖ್ಯೆ ಚೆನ್ನಾಗಿ ಕೆಲಸಕ್ಕೆ ಬರುತ್ತವೆ.

ಆದರೆ ಸಂಖ್ಯೆ ನೋಡಿ ಕೂಡಲೇ ತೀರ್ಪು ಕೊಡಬೇಡಿ. ಪುಣೆಯ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂನಲ್ಲಿ ದೀಪಗಳು, ಅಡಕೊತ್ತುಗಳು, ಅಡುಗೆ ಪಾತ್ರೆಗಳು ಸಾಲು ಸಾಲು ಇವೆ. ಹೀಗೆ ಒಂದೇ ಬಗೆಯ ವಸ್ತುಗಳು ತುಂಬಾ ಇದ್ದ ಕಡೆ ಎಲ್ಲದರ ಮುಂದೂ ನಿಲ್ಲುವವರು ವಿರಳ. ಆದರೆ ಒಂದು ಅಡಕೊತ್ತಿನ ಮುಂದೆ ಅಜ್ಜಿ ನಿಂತು "ಇಂಥದ್ದು ನಮ್ಮ ಮನೇಲೂ ಇತ್ತು" ಅಂದರೆ ಮಾತು ಐದು ನಿಮಿಷ ನಡೆಯುತ್ತದೆ. ಶೇಕಡಾವಾರಿನಲ್ಲಿ ಅದು ಕಾಣುವುದಿಲ್ಲ, ನಕ್ಷೆಯ ಮೇಲಿನ "ಮಾ" ಗುರುತಿನಲ್ಲಿ ಕಾಣುತ್ತದೆ. ನಾವು ಮ್ಯೂಸಿಯಂಗೆ ಒಬ್ಬೊಬ್ಬರೇ ಹೋಗುವುದು ಕಡಿಮೆ, ಮನೆಮಂದಿಯೆಲ್ಲಾ ಹೋಗುತ್ತೇವೆ. ಹಾಗಾಗಿ ಆ "ಮಾ"ಗಳನ್ನು ನಾನು ನಿಮಿಷಗಳಿಗಿಂತ ಜಾಸ್ತಿ ನಂಬುತ್ತೇನೆ.

ಇನ್ನೊಂದು ಮಾತು. ಅಲ್ಲಿನ ಸೆಕ್ಯೂರಿಟಿಯವರನ್ನು ಕೇಳದೆ ಈ ಹಂತ ಮುಗಿಸಬೇಡಿ. ಟಾಯ್ಲೆಟ್ ಎಲ್ಲಿ ಅಂತ ಎಷ್ಟು ಜನ ಕೇಳುತ್ತಾರೆ, ಯಾವ ಗಾಜಿನ ಮೇಲೆ ಮಕ್ಕಳ ಕೈ ಗುರುತು ಜಾಸ್ತಿ, ಎಲ್ಲಿ ಜನ ದಾರಿ ತಪ್ಪುತ್ತಾರೆ ಎಲ್ಲಾ ಅವರಿಗೆ ಗೊತ್ತು. ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

ಮರ್ಯಾದೆಯ ವಿಷಯವೂ ಇದೆ. "ಇಂದು ಇಲ್ಲಿ ನೋಡುಗರ ಓಡಾಟವನ್ನು ಗಮನಿಸಲಾಗುತ್ತಿದೆ, ಹೆಸರು, ಫೋಟೊ ತೆಗೆದುಕೊಳ್ಳುವುದಿಲ್ಲ" ಅಂತ ಬಾಗಿಲಲ್ಲಿ ಬೋರ್ಡ್ ಹಾಕಿ. ಯಾರಾದರೂ ಗಮನಿಸಿ ಇರುಸುಮುರುಸು ಪಟ್ಟರೆ ಆ ನಕ್ಷೆ ಬಿಟ್ಟುಬಿಡಿ. ಫೋನ್ ನಂಬರ್, ಇಮೇಲ್ ತೆಗೆದುಕೊಳ್ಳುವುದಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನೆನಪಿರಲಿ. ಅದರ ಪ್ರಕಾರ 18 ವರ್ಷದೊಳಗಿನವರಾದರೆ ತಂದೆ ತಾಯಿಯ ಒಪ್ಪಿಗೆ ಬೇಕು.

ಹಂತ 5: ಬಾಗಿಲ ಹತ್ತಿರ ಮಾತಾಡಿಸಿ

"ಇಷ್ಟ ಆಯ್ತಾ?" ಅನ್ನುವ ಪ್ರಶ್ನೆಯನ್ನು ಮರೆತುಬಿಡಿ. ನಮ್ಮ ಜನ ಎದುರಿಗೆ ಚೆನ್ನಾಗಿಲ್ಲ ಅನ್ನುವವರಲ್ಲ. ಕೇಳುವವರು ಸಂಘದ ಅಧ್ಯಕ್ಷರೋ, ಪ್ರಾಯೋಜಕ ಶೆಟ್ಟರೋ ಆಗಿದ್ದರೆ ಮುಗಿದೇ ಹೋಯಿತು. ಕಾಲೇಜು ಹುಡುಗ ಹುಡುಗಿಯರು ಕೇಳಲಿ. ಬಂದವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೋ ಅದರಲ್ಲೇ ಶುರು ಮಾಡಲಿ, ಅದು ತುಳು ಇರಲಿ, ಧಾರವಾಡ ಕಡೆ ಮಾತಿರಲಿ, ಮರಾಠಿ ಇರಲಿ.

ನಾಲ್ಕು ಪ್ರಶ್ನೆ ಸಾಕು.

"ಮನೆಗೆ ಹೋಗಿ ಇಲ್ಲಿನ ಬಗ್ಗೆ ಯಾರಿಗಾದರೂ ಹೇಳಬೇಕಾದರೆ ಏನು ಹೇಳ್ತೀರಿ?"
"ಎಲ್ಲಿ ಗೊಂದಲ ಆಯ್ತು?"
"ಏನೋ ಇರುತ್ತೆ ಅಂದುಕೊಂಡು ಬಂದಿದ್ದೀರಿ, ಅದು ಸಿಗಲಿಲ್ಲ ಅಂತ ಇದೆಯಾ?"
"ಇವತ್ತು ಇಲ್ಲಿಗೆ ಬಂದದ್ದು ಯಾಕೆ?"

ಕೊನೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ ಅದಿಲ್ಲದೆ ಉಳಿದವು ಅರ್ಥವಾಗುವುದಿಲ್ಲ. ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ರಾಣಿಬಾಗ್ ಪ್ರಾಣಿಸಂಗ್ರಹಾಲಯಕ್ಕೆ ಅಂಟಿಕೊಂಡೇ ಇದೆ. ಪೆಂಗ್ವಿನ್ ನೋಡಲು ಬಂದು ಹಾಗೇ ಒಳಗೆ ಹೊಕ್ಕ ಕುಟುಂಬ ಮತ್ತು ಹಳೆ ಮುಂಬೈ ನಕ್ಷೆ ಹುಡುಕಿಕೊಂಡು ಬಂದ ವಿದ್ಯಾರ್ಥಿ, ಇಬ್ಬರನ್ನೂ ಒಂದೇ ಅಳತೆಯಲ್ಲಿ ನೋಡಿದರೆ ಇಬ್ಬರಿಗೂ ಅನ್ಯಾಯ. ಅದೇ ಕಾರಣಕ್ಕೆ ಬರೀ ಭಾನುವಾರ ಕೇಳಿ ಮುಗಿಸಬೇಡಿ. ವಾರದ ದಿನ, ಬೆಳಗ್ಗೆ, ಸಂಜೆ ಹಂಚಿಕೊಳ್ಳಿ.

ಎಷ್ಟು ಜನರನ್ನು ಕೇಳಬೇಕು? ಕಾರಣ ತಿಳಿಯಬೇಕಾದರೆ 20, 30 ಜನರ ಜೊತೆ ನಿಧಾನಕ್ಕೆ ಮಾತಾಡಿ. ಶೇಕಡಾವಾರು ಹೇಳಬೇಕಾದರೆ ಜಾಸ್ತಿ ಬೇಕು. ಸರಿಯಾಗಿ ಆರಿಸಿದ 100 ಜನರಿಂದ ಬಂದ ಉತ್ತರ ಸುಮಾರು 10 ಶೇಕಡಾ ಅಂಶ ಆಚೀಚೆ ಇರಬಹುದು, 400 ಜನರಾದರೆ 5 ಶೇಕಡಾ ಅಂಶ. ಹಾಗಾಗಿ 30 ಜನರನ್ನು ಕೇಳಿ "ಶೇಕಡಾ 73.3 ಜನ ಮೆಚ್ಚಿದರು" ಅಂತ ಬರೆದರೆ ನಗು ಬರುತ್ತದೆ. "ಮೂವತ್ತರಲ್ಲಿ ಇಪ್ಪತ್ತೆರಡು ಜನ" ಅಂತ ಬರೆಯಿರಿ.

ಹೇಳಿದ ಮಾತನ್ನು ಅವರ ಬಾಯಿಂದ ಬಂದ ಹಾಗೇ ಬರೆದುಕೊಳ್ಳಿ. "ಶೌಚಾಲಯ ಸೌಲಭ್ಯದ ಕೊರತೆ" ಅಂತ ನೀವು ತಿದ್ದಿ ಬರೆದರೆ, "ಅಮ್ಮನ್ನ ಕರ್ಕೊಂಡ್ ಬಂದಿದ್ದೆ, ಕೂರಕ್ಕೂ ಜಾಗ ಇಲ್ಲ, ಬಾತ್‌ರೂಮೂ ಇಲ್ಲ" ಅನ್ನುವುದರ ಬಿಸಿ ಆರಿಹೋಗುತ್ತದೆ.

ಹಂತ 6: ಚೀಟಿಗಳನ್ನು ನೆಲದ ಮೇಲೆ ಹರಡಿ

ಒಂದು ಉತ್ತರಕ್ಕೆ ಒಂದು ಚೀಟಿ. ಒಂದೇ ಥರದವನ್ನು ಒಂದು ಗುಂಪಿಗೆ ಹಾಕಿ, ಗುಂಪಿಗೆ ಆಮೇಲೆ ಹೆಸರಿಡಿ. ಇಬ್ಬರು ಬೇರೆ ಬೇರೆ ಕೂತು ಗುಂಪು ಮಾಡಿ, ಕೊನೆಗೆ ಹೋಲಿಸಿ ನೋಡಿ. ಹೊಂದದ ಕಡೆ ಕೂತು ಚರ್ಚೆ ಮಾಡಿ. ನಮಗೆ ಬೇಕಾದದ್ದನ್ನೇ ಕಾಣುವ ಚಟಕ್ಕೆ ಇದಕ್ಕಿಂತ ಒಳ್ಳೆ ಔಷಧ ಗೊತ್ತಿಲ್ಲ. ಆಮೇಲೆ ಚೀಟಿಗಳನ್ನು ನಕ್ಷೆಗಳ ಪಕ್ಕ ಇಡಿ. "ಹಾಜರಿ ಪುಸ್ತಕ ತುಂಬಾ ಇಷ್ಟವಾಯ್ತು" ಅಂತ ಹದಿನೈದು ಚೀಟಿ ಇದ್ದು, ನಕ್ಷೆಯಲ್ಲಿ ಅಲ್ಲಿ ನಿಂತವರು ಮೂರೇ ಜನ ಇದ್ದರೆ ಏನೋ ಎಡವಟ್ಟಾಗಿದೆ. ಬಹುಶಃ ಕೇಳಿದವರೇ ಉತ್ತರವನ್ನು ಬಾಯಿಗೆ ಹಾಕಿದ್ದಾರೆ.

ಹಂತ 7: ಎರಡು ಪುಟದ ವರದಿ, ಒಂದು ಪಟ್ಟಿ

ಅರವತ್ತು ಪುಟದ ವರದಿಯನ್ನು ಯಾರೂ ಓದುವುದಿಲ್ಲ, ಬರೆಸಿಕೊಂಡವರೂ ಓದುವುದಿಲ್ಲ. ಮೊದಲ ಪುಟದಲ್ಲಿ ಹಂತ 1ರ ಮೂರು ಸಾಲು ಬರೆದು, ಪಕ್ಕದಲ್ಲಿ ಸಿಕ್ಕ ಉತ್ತರ ಬರೆಯಿರಿ. ಎರಡನೇ ಪುಟದಲ್ಲಿ ಏನು ಬದಲಾಯಿಸಬೇಕು, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಕೆಟ್ಟ ಸುದ್ದಿಯನ್ನು ಮೇಲೇ ಹಾಕಿ. ದುಡ್ಡು ಕೊಟ್ಟವರಿಗೆ ತೋರಿಸಲು ಬೇರೆ, ಒಳಗೆ ಇಟ್ಟುಕೊಳ್ಳಲು ಬೇರೆ ಅಂತ ಎರಡು ವರದಿ ಮಾಡುವ ಪದ್ಧತಿ ಕೆಲವು ಕಡೆ ಇದೆ. ಅದು ಶುರುವಾದ ದಿನವೇ ಮೌಲ್ಯಮಾಪನ ಜಾಹೀರಾತಾಗುತ್ತದೆ.

ಹೆಚ್ಚಿನ ಬದಲಾವಣೆಗೆ ಖರ್ಚೇ ಇರುವುದಿಲ್ಲ. ಬೋರ್ಡನ್ನು ಅರ್ಧ ಅಡಿ ಕೆಳಗೆ ಇಳಿಸುವುದು, ಗಾಜಿನಲ್ಲಿ ಪ್ರತಿಫಲಿಸುವ ಟ್ಯೂಬ್‌ಲೈಟ್ ತಿರುಗಿಸುವುದು, ಮಧ್ಯೆ ಎರಡು ಬೆಂಚು ಹಾಕುವುದು, ಬಾಣದ ಗುರುತು ಅಂಟಿಸುವುದು. ಪ್ರದರ್ಶನ ನಡೆಯುತ್ತಿರುವಾಗಲೇ ಒಂದು ಸಂಜೆಯಲ್ಲಿ ಮಾಡಬಹುದು.

ಬದಲಾಯಿಸಿದ ಮೇಲೆ ಅದೇ ನಕ್ಷೆ ಹಿಡಿದು, ವಾರದ ಅದೇ ದಿನ, ಅದೇ ಹೊತ್ತಿನಲ್ಲಿ ಇನ್ನೊಂದು ಹದಿನೈದು ಇಪ್ಪತ್ತು ಜನರನ್ನು ಗಮನಿಸಿ. ಹಾಜರಿ ಪುಸ್ತಕದ ಮುಂದೆ ಈಗ ಎಷ್ಟು ಜನ ನಿಂತರು ಅಂತ ಹಳೆಯದರ ಪಕ್ಕ ಬರೆಯಿರಿ. ನಕ್ಷೆ, ಚೀಟಿ, ಪಟ್ಟಿ ಎಲ್ಲಕ್ಕೂ ತಾರೀಖು ಹಾಕಿ ಒಂದು ಫೈಲಿನಲ್ಲಿಟ್ಟು, ಮುಂದಿನ ಚುನಾವಣೆಯಲ್ಲಿ ಹೊಸ ಕಮಿಟಿ ಬಂದಾಗ ಕ್ಯಾಶ್ ಬುಕ್ ಜೊತೆ ಅದನ್ನೂ ಅವರ ಕೈಗೆ ಕೊಡಿ.